ಮೋಟಾರಿನ ವೇಗ ಮತ್ತು ಗಾಳಿಯ ಸುಂಕ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಮಳೆ ಕಡಮೆಯಾದ ಬಯಲುಸೀಮೆ. ಕಡಲೆಕಾಯಿ ಹೊಲ, ಎಣ್ಣೆ ಗಿರಣಿ, ಕುರಿಮಂದೆ, ರೇಷ್ಮೆಯ ಮಗ್ಗ ಇವುಗಳಿಂದ ಹೆಸರಾದ ಈ ನೆಲವು ವೇಗದ ಚರಿತ್ರೆಯಲ್ಲಿಯೂ ಎರಡು ಬಾರಿ ಹೆಸರು ಪಡೆದಿದೆ. ಮೊದಲನೆಯದು ಅಮೃತಮಹಲ್ ಎತ್ತುಗಳಿಂದ. ಮೈಸೂರಿನ ಸೈನ್ಯಕ್ಕೆ ಫಿರಂಗಿ ಎಳೆಯುವ ಎತ್ತುಗಳನ್ನು ಸಾಕಲೆಂದು ಮೀಸಲಾಗಿಟ್ಟ ಹುಲ್ಲುಗಾವಲುಗಳಿಗೆ ಅಮೃತಮಹಲ್ ಕಾವಲುಗಳೆಂದು ಹೆಸರು. ಈ ತಳಿಯ ಎತ್ತುಗಳ ಬಲದಿಂದ ಹೈದರಾಲಿಯು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಹೋದನೆಂದು ಹಳೆಯ ಬರಹಗಳು ಹೇಳುತ್ತವೆ.

ಎರಡನೆಯದು ನಮ್ಮ ಕಾಲದ್ದು. ಚಳ್ಳಕೆರೆ ತಾಲ್ಲೂಕಿನ ಇಂಥದೇ ಕಾವಲಿನ ಬಯಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ವಿಮಾನಗಳ ಪರೀಕ್ಷಾ ಕ್ಷೇತ್ರವೊಂದನ್ನು ನಿರ್ಮಿಸಿತು. ೨೦೧೭ರಲ್ಲಿ ಅದರ ಉದ್ಘಾಟನೆಯಾಯಿತು. ಅಲ್ಲಿಯ ಓಡುಹಾದಿಯ ಮೇಲೆ ಇಸ್ರೋ ಸಂಸ್ಥೆಯು ‘ಪುಷ್ಪಕ್’ ಎಂಬ ರೆಕ್ಕೆಯ ವಾಹನವನ್ನು ೨೦೨೩ರಲ್ಲಿ ಒಮ್ಮೆ, ೨೦೨೪ರಲ್ಲಿ ಎರಡು ಬಾರಿ ಇಳಿಸಿ ಪರೀಕ್ಷಿಸಿತು. ಮೂರನೆಯ ಪರೀಕ್ಷೆ ನಡೆದದ್ದು ೨೦೨೪ನೆಯ ಜೂನ್ ೨೩ರಂದು. ಚಿನೂಕ್ ಹೆಲಿಕಾಪ್ಟರು ಪುಷ್ಪಕವನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತಾನಾಗಿಯೇ ದಾರಿಯನ್ನು ತಿದ್ದಿಕೊಂಡು ಬಂದು, ಗಂಟೆಗೆ ೩೨೦ ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ನೆಲವನ್ನು ಮುಟ್ಟಿ, ಗಾಲಿಗಳ ಮೇಲೆ ಓಡಿ ನಿಂತಿತು. ಪ್ರಯಾಣಿಕರ ವಿಮಾನವು ಇಳಿಯುವುದು ಗಂಟೆಗೆ ಸುಮಾರು ೨೬೦ ಕಿಲೋಮೀಟರು ವೇಗದಲ್ಲಿ. ಯುದ್ಧವಿಮಾನವು ಸುಮಾರು ೨೮೦ರಲ್ಲಿ. ಇಷ್ಟು ವೇಗವಾಗಿ ನೆಲದ ಮೇಲೆ ಉರುಳಿದ ಪುಷ್ಪಕವನ್ನು ಆಗ ಯಾವ ಎಂಜಿನೂ ದೂಡುತ್ತಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಮೋಟಾರುಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಲ್ಲಿ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಎತ್ತರದಿಂದ ಇಳಿದುಬಂದ ವಾಹನಕ್ಕೆ ಆ ವೇಗ ಪುಕ್ಕಟೆಯಾಗಿ ದೊರೆಯಿತು. ನಾವು ನಿತ್ಯ ನೋಡುವ ಸಾಮಾನ್ಯ ಕಾರನ್ನು ಮಾರ್ಪಡಿಸಿ, ಸಮನೆಲದ ಮೇಲೆ ಅದೇ ವೇಗದಲ್ಲಿ ಓಡಿಸಬೇಕಾದರೆ ಎಂಜಿನಿನಲ್ಲಿ ಎಷ್ಟು ಅಶ್ವಶಕ್ತಿ ಇರಬೇಕು? ಗಂಟೆಗೆ ೪೦೦ ಅಥವಾ ೫೦೦ ಕಿಲೋಮೀಟರಿಗಾದರೆ ಎಷ್ಟು? ಪ್ರೌಢಶಾಲೆಯಲ್ಲಿ ಕಲಿಯುವ ಭೌತವಿಜ್ಞಾನದಿಂದಲೇ ಇದಕ್ಕೆ ಉತ್ತರ ಕೊಡಬಹುದು.

ಅಶ್ವಶಕ್ತಿ ಎಂದರೇನು?

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವಾಟನು ತನ್ನ ಉಗಿಯಂತ್ರಗಳನ್ನು ಮಾರುವಾಗ, ಒಂದೊಂದು ಯಂತ್ರವೂ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲುದೆಂದು ಗಿರಾಕಿಗಳಿಗೆ ತಿಳಿಸಬೇಕಾಯಿತು. ಆಗ ಬಳಕೆಗೆ ಬಂದ ಅಳತೆಯೇ ಅಶ್ವಶಕ್ತಿ. ೭೫ ಕಿಲೋಗ್ರಾಂ ತೂಕದ ಮೂಟೆಯೊಂದನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಸಾಮರ್ಥ್ಯವು ಹೆಚ್ಚುಕಡಮೆ ಒಂದು ಅಶ್ವಶಕ್ತಿ. ಇಂದಿನ ಮಾನದಲ್ಲಿ ಅದು ೭೪೬ ವಾಟುಗಳು. ನೇಗಿಲು ಹೂಡಿದ ಒಳ್ಳೆಯ ಜೋಡಿ ಎತ್ತುಗಳ ಸಾಮರ್ಥ್ಯವೂ ಸುಮಾರಾಗಿ ಇಷ್ಟೇ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಬಲ ಬೇರೆ, ಸಾಮರ್ಥ್ಯ ಬೇರೆ. ಎತ್ತಿನ ಜೋಡಿಯು ಭಾರವಾದ ಗಾಡಿಯನ್ನು ಎಳೆಯಬಲ್ಲುದು, ಆದರೆ ಮೆಲ್ಲಗೆ. ಅದೇ ಬಲದಿಂದ ಹತ್ತು ಪಟ್ಟು ವೇಗವಾಗಿ ಎಳೆಯಬೇಕಾದರೆ ಹತ್ತು ಪಟ್ಟು ಸಾಮರ್ಥ್ಯ ಬೇಕು. ಏಕೆಂದರೆ, ಸಾಮರ್ಥ್ಯವೆಂಬುದು ಬಲ ಮತ್ತು ವೇಗಗಳ ಗುಣಲಬ್ಧ. ಆದುದರಿಂದ ನಮ್ಮ ಪ್ರಶ್ನೆ ಈಗ ಹೀಗೆ ಸರಳವಾಗುತ್ತದೆ: ಒಂದೇ ವೇಗದಲ್ಲಿ ಓಡುತ್ತಿರುವ ಕಾರನ್ನು ಹಿಂದಕ್ಕೆ ತಡೆಯುವ ಬಲವೆಷ್ಟು? ಅದನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ಸಿಕ್ಕಿತು.

ತಡೆಯುವ ಬಲಗಳು

ಸಮನಾದ ರಸ್ತೆಯ ಮೇಲೆ ತಡೆಯುವ ಬಲಗಳು ಮುಖ್ಯವಾಗಿ ಎರಡು. ಮೊದಲನೆಯದು ಟೈರುಗಳು ಉರುಳುವಾಗಿನ ತಡೆ. ರಬ್ಬರು ನೆಲಕ್ಕೆ ತಗುಲಿದಾಗ ಅಮುಕಿಕೊಂಡು, ಮೇಲೆದ್ದಾಗ ಮತ್ತೆ ಹಿಗ್ಗುತ್ತದೆ. ಅಮುಕಲು ವೆಚ್ಚವಾದ ಶಕ್ತಿಯೆಲ್ಲ ಹಿಂದಕ್ಕೆ ಬರುವುದಿಲ್ಲ. ಒಂದು ಪಾಲು ಶಾಖವಾಗಿ ನಷ್ಟವಾಗುತ್ತದೆ. ಚಾಲಕನೂ ಸೇರಿ ೧೧೦೦ ಕಿಲೋಗ್ರಾಂ ತೂಗುವ ಕಾರಿಗೆ ಈ ತಡೆ ಸುಮಾರು ೧೪೦ ನ್ಯೂಟನ್, ಎಂದರೆ ೧೪ ಕಿಲೋಗ್ರಾಂ ತೂಕದಷ್ಟು. ವೇಗ ಹೆಚ್ಚಿದರೂ ಇದು ಅಷ್ಟಾಗಿ ಬದಲಾಗುವುದಿಲ್ಲವೆಂದು ಇಟ್ಟುಕೊಳ್ಳೋಣ.

ಎರಡನೆಯದು ಗಾಳಿಯ ತಡೆ. ಕಣ್ಣಿಗೆ ಕಾಣದ ಈ ವೈರಿಯ ಸ್ವಭಾವವೇ ಬೇರೆ. ಓಡುವ ಕಾರು ತನ್ನ ಮುಂದಿರುವ ಗಾಳಿಯನ್ನು ಪಕ್ಕಕ್ಕೆ ದೂಡಿಕೊಂಡು ಹೋಗಬೇಕು. ವೇಗ ಇಮ್ಮಡಿಯಾದರೆ ಒಂದು ಸೆಕೆಂಡಿನಲ್ಲಿ ಎದುರಾಗುವ ಗಾಳಿ ಇಮ್ಮಡಿಯಾಗುತ್ತದೆ. ಅಷ್ಟೇ ಅಲ್ಲ, ಆ ಗಾಳಿಯ ಒಂದೊಂದು ಕಣವನ್ನೂ ಇಮ್ಮಡಿ ವೇಗದಿಂದ ಸರಿಸಬೇಕಾಗುತ್ತದೆ. ಎರಡರಿಂದ ಎರಡನ್ನು ಗುಣಿಸಿ, ತಡೆ ನಾಲ್ಕು ಪಟ್ಟು ಬೆಳೆಯುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿದೆ ಎಂಬ ನಿಯಮದ ತಿರುಳು ಇದೇ. ಇನ್ನು ಸಾಮರ್ಥ್ಯವನ್ನು ಕಂಡುಹಿಡಿಯಲು ಈ ತಡೆಯನ್ನು ಮತ್ತೊಮ್ಮೆ ವೇಗದಿಂದ ಗುಣಿಸಬೇಕಷ್ಟೆ. ಆದುದರಿಂದ ಗಾಳಿಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿರುತ್ತದೆ: ವೇಗ ಎರಡು ಪಟ್ಟಾದರೆ ಸಾಮರ್ಥ್ಯ ಎಂಟು ಪಟ್ಟು, ಮೂರು ಪಟ್ಟಾದರೆ ಇಪ್ಪತ್ತೇಳು ಪಟ್ಟು.

ಈ ಘನ ನಿಯಮವನ್ನು ಅರಿಯಲು ಮೋಟಾರೇ ಬೇಕೆಂದಿಲ್ಲ. ಸಮನೆಲದಲ್ಲಿ ಗಂಟೆಗೆ ೨೦ ಕಿಲೋಮೀಟರು ವೇಗದಲ್ಲಿ ಸೈಕಲ್ ತುಳಿಯಲು ೭೦–೮೦ ವಾಟುಗಳು ಸಾಕು. ಆರೋಗ್ಯವಂತನಾದ ಹುಡುಗನು ಇದನ್ನು ಒಂದು ಗಂಟೆಯ ಕಾಲ ಆಯಾಸವಿಲ್ಲದೆ ಮಾಡಬಲ್ಲ. ಅದೇ ಸೈಕಲನ್ನು ೪೦ ಕಿಲೋಮೀಟರು ವೇಗದಲ್ಲಿ ತುಳಿಯಲು ೪೦೦ ವಾಟುಗಳಿಗೂ ಹೆಚ್ಚು ಬೇಕು. ಕೆಲವೇ ನಿಮಿಷಗಳಲ್ಲಿ ಅವನ ಉಸಿರು ಕಟ್ಟುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. ಬೀಸುವ ಗಾಳಿಯ ವೇಗ ಇಮ್ಮಡಿಯಾದರೆ ಅದರಿಂದ ದೊರೆಯಬಲ್ಲ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ. ಗಾಳಿಯಂತ್ರಕ್ಕೆ ವರವಾದ ನಿಯಮವೇ ಮೋಟಾರಿಗೆ ಶಾಪವೆಂದು ಹೇಳಬಹುದು.

ಲೆಕ್ಕವನ್ನು ಮಾಡಿ ನೋಡೋಣ

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಸುಮಾರು ೫೦ ಕಿಲೋಮೀಟರು ದೂರ. ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರು ಎತ್ತರದ ಈ ಸೀಮೆಯಲ್ಲಿ, ಬಿಸಿಲಿನ ದಿನ ಒಂದು ಘನ ಮೀಟರು ಗಾಳಿ ಸುಮಾರು ೧.೧ ಕಿಲೋಗ್ರಾಂ ತೂಗುತ್ತದೆ. ಸಾಮಾನ್ಯ ಕಾರೊಂದರ ಎದುರು ಮೈಯ ವಿಸ್ತಾರ ಎರಡು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಅದರ ಆಕಾರವು ಗಾಳಿಯನ್ನು ಎಷ್ಟು ನಯವಾಗಿ ಸೀಳುತ್ತದೆ ಎಂಬುದನ್ನು ತಡೆಯ ಗುಣಾಂಕವೆಂಬ ಸಂಖ್ಯೆ ತಿಳಿಸುತ್ತದೆ. ಈಗಿನ ಕಾರುಗಳಿಗೆ ಅದು ಸುಮಾರು ಮೂರನೆಯ ಒಂದು. ಇವೆರಡನ್ನು ಗುಣಿಸಿದರೆ ೦.೭ ಚದರ ಮೀಟರು ಬರುತ್ತದೆ. ಗಾಳಿಯ ಸಾಂದ್ರತೆಯ ಅರ್ಧವನ್ನು ಈ ೦.೭ರಿಂದಲೂ ವೇಗದ ವರ್ಗದಿಂದಲೂ ಗುಣಿಸಿದರೆ ಗಾಳಿಯ ತಡೆ ನ್ಯೂಟನ್ನುಗಳಲ್ಲಿ ಸಿಕ್ಕುತ್ತದೆ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರೆಂದು ಬರೆಯಬೇಕು.

ಗಂಟೆಗೆ ೧೦೦ ಕಿಲೋಮೀಟರು ಎಂದರೆ ಸೆಕೆಂಡಿಗೆ ೨೭.೮ ಮೀಟರು. ಆಗ ಗಾಳಿಯ ತಡೆ ೨೯೭ ನ್ಯೂಟನ್; ಟೈರಿನ ೧೪೦ ಸೇರಿ ಒಟ್ಟು ೪೩೭. ಇದನ್ನು ೨೭.೮ರಿಂದ ಗುಣಿಸಿದರೆ ಸುಮಾರು ೧೨,೧೦೦ ವಾಟುಗಳು, ಎಂದರೆ ೧೬ ಅಶ್ವಶಕ್ತಿ. ಎಂಜಿನಿನಿಂದ ಗಾಲಿಯವರೆಗೆ ಬರುವಷ್ಟರಲ್ಲಿ ಹಲ್ಲುಗಾಲಿಗಳಲ್ಲಿ ನೂರಕ್ಕೆ ೧೫ರಷ್ಟು ನಷ್ಟವಾಗುವುದೆಂದು ಹಿಡಿದರೆ, ಎಂಜಿನು ೧೯ ಅಶ್ವಶಕ್ತಿಯನ್ನು ಕೊಡಬೇಕು. ಇದೇ ರೀತಿಯಲ್ಲಿ ಉಳಿದ ವೇಗಗಳಿಗೂ ಲೆಕ್ಕ ಹಾಕಿದರೆ ಹೀಗಾಗುತ್ತದೆ:

ಗಂಟೆಗೆ ೫೦ ಕಿ.ಮೀ. — ೫ ಅಶ್ವಶಕ್ತಿ
ಗಂಟೆಗೆ ೧೦೦ ಕಿ.ಮೀ. — ೧೯ ಅಶ್ವಶಕ್ತಿ
ಗಂಟೆಗೆ ೨೦೦ ಕಿ.ಮೀ. — ೧೧೬ ಅಶ್ವಶಕ್ತಿ
ಗಂಟೆಗೆ ೩೦೦ ಕಿ.ಮೀ. — ೩೭೦ ಅಶ್ವಶಕ್ತಿ
ಗಂಟೆಗೆ ೪೦೦ ಕಿ.ಮೀ. — ೮೬೦ ಅಶ್ವಶಕ್ತಿ
ಗಂಟೆಗೆ ೫೦೦ ಕಿ.ಮೀ. — ೧೬೬೦ ಅಶ್ವಶಕ್ತಿ

ಪುಷ್ಪಕವು ನೆಲವನ್ನು ಮುಟ್ಟಿದ ೩೨೦ ಕಿಲೋಮೀಟರು ವೇಗಕ್ಕೆ ಇದೇ ಲೆಕ್ಕದಿಂದ ಸುಮಾರು ೪೫೦ ಅಶ್ವಶಕ್ತಿ ಬೇಕಾಗುತ್ತದೆ. ೧೦೦ ಕಿಲೋಮೀಟರು ವೇಗದಲ್ಲಿ ಟೈರಿನ ತಡೆಯು ಒಟ್ಟು ತಡೆಯ ಮೂರನೆಯ ಒಂದು ಪಾಲು. ೩೦೦ರಲ್ಲಿ ಅದು ಇಪ್ಪತ್ತನೆಯ ಒಂದು ಪಾಲು ಮಾತ್ರ. ವೇಗ ಹೆಚ್ಚಿದಂತೆಲ್ಲ ಎಂಜಿನಿನ ದುಡಿಮೆಯನ್ನು ಗಾಳಿಯೇ ಸುಂಕವಾಗಿ ವಸೂಲು ಮಾಡುತ್ತದೆ.

ಈ ಸುಂಕಕ್ಕೆ ಗಾಳಿಗೂ ಕಾರಿಗೂ ನಡುವಣ ವೇಗವೇ ಆಧಾರ ಎಂಬುದನ್ನು ನೆನಪಿಡಬೇಕು. ೧೦೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಕಾರಿಗೆ ಎದುರಿನಿಂದ ಗಂಟೆಗೆ ೩೬ ಕಿಲೋಮೀಟರಿನ ಗಾಳಿ ಬೀಸಿದರೆ, ೧೯ ಅಶ್ವಶಕ್ತಿಯ ಜಾಗದಲ್ಲಿ ೩೦ ಬೇಕಾಗುತ್ತದೆ. ಬಯಲುಸೀಮೆಯ ಆಷಾಢದ ಗಾಳಿಯಲ್ಲಿ ಮೋಟಾರು ಏದುವುದಕ್ಕೂ ಪೆಟ್ರೋಲು ಬೇಗ ಮುಗಿಯುವುದಕ್ಕೂ ಇದೇ ಕಾರಣ.

ಎಂಜಿನನ್ನು ಮಾರ್ಪಡಿಸಿದರೆ ದೊರೆಯುವುದೇನು?

ಒಂದು ಸಣ್ಣ ಕಾರಿನಲ್ಲಿ ೪೦ ಅಶ್ವಶಕ್ತಿಯ ಎಂಜಿನು ಇದೆಯೆನ್ನಿ. ನಮ್ಮ ಲೆಕ್ಕದಂತೆ ಅದರ ಪರಮ ವೇಗ ಗಂಟೆಗೆ ಸುಮಾರು ೧೩೫ ಕಿಲೋಮೀಟರು. ಸೈಲೆನ್ಸರನ್ನು ಬದಲಾಯಿಸಿ, ಗಾಳಿ ಒಳಸೇರುವ ಕೊಳವೆಯನ್ನು ಅಗಲಿಸಿ, ಹೇಗೋ ನೂರಕ್ಕೆ ಹತ್ತರಷ್ಟು ಸಾಮರ್ಥ್ಯವನ್ನು ಹೆಚ್ಚಿಸಿದರೆ ವೇಗವು ೧೪೦ಕ್ಕೆ ಏರುತ್ತದೆ. ಊರಿನ ನಿದ್ದೆ ಕೆಡಿಸಿದ್ದಕ್ಕೆ ದೊರೆತ ಲಾಭ ಐದು ಕಿಲೋಮೀಟರು! ಎಂಜಿನನ್ನೇ ಬದಲಾಯಿಸಿ ಸಾಮರ್ಥ್ಯವನ್ನು ಇಮ್ಮಡಿ ಮಾಡಿದರೂ ವೇಗವು ೧೭೫ನ್ನು ಮುಟ್ಟಿ ನಿಲ್ಲುತ್ತದೆ.

ಎಂಜಿನಿಗೆ ಹೆಚ್ಚಿನ ಸಾಮರ್ಥ್ಯ ಬರುವುದಾದರೂ ಎಲ್ಲಿಂದ? ಪೆಟ್ರೋಲಿನಿಂದ ಎಂದು ತಟ್ಟನೆ ಹೇಳಿಬಿಡುತ್ತೇವೆ. ಆದರೆ ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ೧೫ ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚಾಗಿ ಸುರಿಯುವುದು ಸುಲಭ; ಗಾಳಿಯನ್ನು ತುಂಬುವುದು ಕಷ್ಟ. ೮೬೦ ಅಶ್ವಶಕ್ತಿಯ ಎಂಜಿನು ಪೂರ್ಣ ಸಾಮರ್ಥ್ಯದಲ್ಲಿ ನಿಮಿಷಕ್ಕೆ ಸುಮಾರು ನಾಲ್ಕು ಲೀಟರು ಪೆಟ್ರೋಲನ್ನು ಕುಡಿಯುತ್ತದೆ, ಸೆಕೆಂಡಿಗೆ ಸುಮಾರು ೬೫೦ ಲೀಟರು ಗಾಳಿಯನ್ನು ಸೇದುತ್ತದೆ. ಇಷ್ಟು ಗಾಳಿಯನ್ನು ಸಣ್ಣ ಎಂಜಿನಿನೊಳಕ್ಕೆ ಒತ್ತಿ ತುಂಬಲು ಟರ್ಬೊ ಎಂಬ ಗಾಳಿಯ ಪಂಪನ್ನು ಜೋಡಿಸುತ್ತಾರೆ. ಎಂಜಿನಿನಿಂದ ಹೊರಬರುವ ಬಿಸಿ ಹೊಗೆಯೇ ಅದನ್ನು ತಿರುಗಿಸುತ್ತದೆ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಗಾಲಿಯ ಕಡೆಗೆ ಹೋಗುವುದು ನೂರಕ್ಕೆ ೩೦ರಷ್ಟು ಮಾತ್ರ, ಉಳಿದುದು ಶಾಖ. ಮೇಲಿನ ಎಂಜಿನಿನಿಂದ ಹೊರಹಾಕಬೇಕಾದ ಶಾಖವು ಒಂದು ಕಿಲೋವಾಟಿನ ಒಂದೂವರೆ ಸಾವಿರ ವಿದ್ಯುತ್ ಒಲೆಗಳಿಗೆ ಸಮ. ಬುಗಾಟಿ ಕಂಪನಿಯ ವೇರಾನ್ ಎಂಬ ಅತಿವೇಗದ ಕಾರಿಗೆ ಹತ್ತು ರೇಡಿಯೇಟರುಗಳನ್ನು ಜೋಡಿಸಿದ್ದು ಇದಕ್ಕಾಗಿಯೇ.

ಬಯಲುಸೀಮೆಯ ಬಿಸಿಗಾಳಿ ತೆಳುವಾಗಿರುವುದರಿಂದ ತಡೆ ಕಡಮೆಯಾಗಿ ವೇಗ ಹೆಚ್ಚಬೇಕಲ್ಲವೆ ಎಂದು ಕೆಲವರು ಕೇಳಬಹುದು. ತಡೆಯು ಸಮುದ್ರತೀರದ ತಂಪು ಗಾಳಿಯಲ್ಲಿರುವುದಕ್ಕಿಂತ ಹತ್ತನೆಯ ಒಂದು ಪಾಲಿನಷ್ಟು ಕಡಮೆಯಾಗುವುದು ನಿಜ. ಆದರೆ ಸಾಧಾರಣ ಎಂಜಿನು ಉಸಿರಾಡುವುದೂ ಅದೇ ತೆಳುಗಾಳಿಯನ್ನೇ. ಅದರ ಸಾಮರ್ಥ್ಯವೂ ಸುಮಾರು ಅಷ್ಟೇ ಪಾಲು ಇಳಿಯುತ್ತದೆ. ಗಾಳಿಯು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ಕಡಮೆಯಾದ ಗಾಳಿಯನ್ನು ಟರ್ಬೊ ತುಂಬಿಕೊಟ್ಟಾಗ ಮಾತ್ರ ಈ ಲಾಭ ಉಳಿದೀತು.

ಹೊರದೇಶಗಳ ಸಾಕ್ಷ್ಯ

ನಮ್ಮ ಕಾಗದದ ಲೆಕ್ಕ ವಾಸ್ತವಕ್ಕೆ ಹೊಂದುತ್ತದೆಯೆ? ೨೦೦೫ರಲ್ಲಿ ಬುಗಾಟಿ ವೇರಾನ್ ಕಾರು ೧೦೦೧ ಅಶ್ವಶಕ್ತಿಯಿಂದ ಗಂಟೆಗೆ ೪೦೭ ಕಿಲೋಮೀಟರು ವೇಗವನ್ನು ಸಾಧಿಸಿತು. ನಮ್ಮ ಪಟ್ಟಿಯ ೮೬೦ಕ್ಕೆ ಇದು ದೂರವೇನೂ ಅಲ್ಲ. ಆ ಕಾರು ಹೆಚ್ಚು ಅಗಲವಾದದ್ದು, ಓಡಿದ್ದು ಇನ್ನೂ ದಟ್ಟವಾದ ಗಾಳಿಯಲ್ಲಿ. ೨೦೧೯ರ ಆಗಸ್ಟಿನಲ್ಲಿ ಅದೇ ಕಂಪನಿಯ ಶಿರಾನ್ ಎಂಬ ಕಾರು ಜರ್ಮನಿಯ ಪರೀಕ್ಷಾ ಹಾದಿಯೊಂದರಲ್ಲಿ ೪೯೦ ಕಿಲೋಮೀಟರು ವೇಗವನ್ನು ಮುಟ್ಟಿತು. ಘನ ನಿಯಮದಂತೆ ಇದಕ್ಕೆ ಸುಮಾರು ೧೭೫೦ ಅಶ್ವಶಕ್ತಿ ಬೇಕಾಗಿತ್ತು. ಕಾರಿನ ಹಿಂಬದಿಯನ್ನು ಉದ್ದವಾಗಿಸಿ ಆಕಾರವನ್ನು ತಿದ್ದಿದ್ದರಿಂದ ೧೬೦೦ ಸಾಕಾಯಿತು.

ರಸ್ತೆಯ ಕಾರನ್ನು ಮಾರ್ಪಡಿಸಿದ್ದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದ ಫೋರ್ಡ್ ಜಿ.ಟಿ. ಕಾರು. ೨೦೦೬ರ ಸುಮಾರಿಗೆ ಕಾರ್ಖಾನೆಯಿಂದ ಹೊರಬಂದಾಗ ಅದರ ಸಾಮರ್ಥ್ಯ ೫೫೦ ಅಶ್ವಶಕ್ತಿ. ಪರಮ ವೇಗ ಸುಮಾರು ೩೩೦ ಕಿಲೋಮೀಟರು. ಹೀಗೆ ಮಾರ್ಪಡಿಸಿದ ಒಂದು ಕಾರು ೨೦೧೯ರ ಮಾರ್ಚಿಯಲ್ಲಿ ಟೆಕ್ಸಾಸಿನ ವಿಮಾನ ಹಾದಿಯೊಂದರಲ್ಲಿ, ನಿಂತಲ್ಲಿಂದ ಹೊರಟು ಒಂದು ಮೈಲಿ ಮುಗಿಯುವಷ್ಟರಲ್ಲಿ ಗಂಟೆಗೆ ೩೦೦ ಮೈಲಿಯನ್ನು, ಎಂದರೆ ೪೮೩ ಕಿಲೋಮೀಟರನ್ನು ದಾಟಿತು. ಘನ ನಿಯಮದಂತೆ ೧೭೩೦ ಅಶ್ವಶಕ್ತಿ ಬರುತ್ತದೆ. ಆದರೆ ಅದು ಆ ವೇಗವನ್ನು ಉಳಿಸಿಕೊಳ್ಳಲು ಮಾತ್ರ ಸಾಲುವಷ್ಟು. ಅಷ್ಟೇ ಇದ್ದರೆ ಕಾರು ಆ ವೇಗಕ್ಕೆ ಹತ್ತಿರ ಹತ್ತಿರ ಬರುತ್ತಾ ಹಲವು ಮೈಲಿಗಳನ್ನು ಕಳೆದೀತು. ಒಂದೇ ಮೈಲಿಯಲ್ಲಿ ಮುಟ್ಟಬೇಕಾದರೆ ಗಾಳಿಯ ಸುಂಕವನ್ನು ತೆತ್ತ ಮೇಲೂ ಕಾರಿನ ಚಲನಶಕ್ತಿಯನ್ನು ಬೆಳೆಸಲು ಸಾಮರ್ಥ್ಯ ಮಿಕ್ಕಿರಬೇಕು. ಆದುದರಿಂದ ಇಂಥ ಎಂಜಿನು ಎರಡು ಸಾವಿರ ಅಶ್ವಶಕ್ತಿಯನ್ನು ಮೀರಲೇಬೇಕು. ಹಾದಿ ಚಿಕ್ಕದಾದಷ್ಟೂ ಎಂಜಿನು ದೊಡ್ಡದಾಗಬೇಕು.

ಆಕಾರದ ಮಹಿಮೆಯನ್ನು ತೋರಿಸುವ ಹಳೆಯ ಕಥೆಯೊಂದು ಉಂಟು. ೧೯೬೪ರ ಜುಲೈಯಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಆಂಗ್ಲೇಯನು ‘ಬ್ಲೂಬರ್ಡ್’ ಎಂಬ ವಾಹನದಲ್ಲಿ ಆಸ್ಟ್ರೇಲಿಯದ ಏರ್ ಸರೋವರದ ಒಣಗಿದ ಉಪ್ಪಿನ ನೆಲದ ಮೇಲೆ ಗಂಟೆಗೆ ೬೪೮ ಕಿಲೋಮೀಟರು ವೇಗವನ್ನು ಸಾಧಿಸಿದನು. ವಿಮಾನಕ್ಕಾಗಿ ತಯಾರಾದ ಅದರ ಎಂಜಿನಿನ ಸಾಮರ್ಥ್ಯ ನಾಲ್ಕು ಸಾವಿರ ಅಶ್ವಶಕ್ತಿಗೂ ಹೆಚ್ಚು. ಮರುವರ್ಷದ ನವೆಂಬರಿನಲ್ಲಿ ಅಮೆರಿಕದ ಸಮ್ಮರ್ಸ್ ಸಹೋದರರು ತಾವೇ ಕಟ್ಟಿದ ‘ಗೋಲ್ಡನ್‌ರಾಡ್’ ಎಂಬ ವಾಹನದಿಂದ ಸುಮಾರು ೬೫೯ ಕಿಲೋಮೀಟರು ವೇಗವನ್ನು ಪಡೆದು ಆ ದಾಖಲೆಯನ್ನು ಮುರಿದರು. ಅವರ ಬಳಿ ಇದ್ದದ್ದು ಕ್ರೈಸ್ಲರ್ ಕಾರುಗಳ ನಾಲ್ಕು ಎಂಜಿನುಗಳು. ಒಟ್ಟು ೨೪೦೦ ಅಶ್ವಶಕ್ತಿ. ಏರ್ ಸರೋವರದ ನೆಲ ಆ ವರ್ಷ ತೇವಗೊಂಡು ಬ್ಲೂಬರ್ಡಿಗೆ ತೊಡಕಾಗಿತ್ತೆಂಬುದೂ ನಿಜವೇ. ಆದರೂ ಇಷ್ಟು ಕಡಮೆ ಸಾಮರ್ಥ್ಯದಿಂದ ಗೆಲುವು ಸಾಧ್ಯವಾದದ್ದಕ್ಕೆ ಮುಖ್ಯ ಕಾರಣ ಆಕಾರ. ನಾಲ್ಕು ಎಂಜಿನುಗಳನ್ನು ಒಂದರ ಹಿಂದೊಂದು ಸಾಲಾಗಿ ಕೂರಿಸಿ, ಅಂಬಿನಂತೆ ಸಣ್ಣಗೆ ಉದ್ದವಾಗಿ ಮೈಯನ್ನು ಕಟ್ಟಿದ್ದರಿಂದ ಗಾಳಿಗೆ ಒಡ್ಡಿದ ಎದೆ ಬಹಳ ಕಿರಿದಾಗಿತ್ತು. ಎಂಜಿನನ್ನು ಇಮ್ಮಡಿಗೊಳಿಸುವುದೂ ಗಾಳಿಯ ತಡೆಯನ್ನು ಅರ್ಧಕ್ಕೆ ಇಳಿಸುವುದೂ ಹೆಚ್ಚುಕಡಮೆ ಒಂದೇ ಫಲವನ್ನು ಕೊಡುತ್ತವೆ. ಎರಡನೆಯದರಿಂದ ಪೆಟ್ರೋಲೂ ಉಳಿಯುತ್ತದೆ.

ಟೈರು ತಡೆದೀತೆ? ಕಾರು ನೆಲದ ಮೇಲೆ ನಿಂತೀತೆ?

ಸಾಮರ್ಥ್ಯವೆಲ್ಲ ಕೈಗೂಡಿತೆಂದೇ ಇಟ್ಟುಕೊಳ್ಳಿ. ಅಲ್ಲಿಗೆ ಕಷ್ಟ ಮುಗಿಯಲಿಲ್ಲ. ಗಂಟೆಗೆ ೪೦೦ ಕಿಲೋಮೀಟರು ವೇಗದಲ್ಲಿ ೩೦ ಸೆಂಟಿಮೀಟರು ತ್ರಿಜ್ಯದ ಗಾಲಿ ಸೆಕೆಂಡಿಗೆ ೫೯ ಸುತ್ತು ತಿರುಗುತ್ತದೆ. ಕವಣೆಯನ್ನು ಬೀಸುವಾಗ ಕಲ್ಲು ಹೊರಕ್ಕೆ ಚಿಮ್ಮಲು ಹವಣಿಸುವಂತೆ, ಟೈರಿನ ಅಂಚಿನಲ್ಲಿರುವ ರಬ್ಬರೂ ಹೊರಕ್ಕೆ ಹಾರಲು ಹವಣಿಸುತ್ತದೆ. ಈ ವೇಗದಲ್ಲಿ ಒಂದೇ ಒಂದು ಗ್ರಾಂ ರಬ್ಬರನ್ನು ಗಾಲಿಗೆ ಹಿಡಿದಿಡಲು ನಾಲ್ಕು ಕಿಲೋಗ್ರಾಂ ತೂಕಕ್ಕೂ ಹೆಚ್ಚಿನ ಬಲ ಬೇಕು. ಈ ಬಲವೂ ವೇಗದ ವರ್ಗಕ್ಕೆ ಅನುಗುಣ. ಆದುದರಿಂದಲೇ ಪ್ರತಿಯೊಂದು ಟೈರಿಗೂ ವೇಗದ ಮಿತಿ ಉಂಟು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಗಳ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರವಿರುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ‘ಎಸ್’ ಎಂದಿದ್ದರೆ ಗಂಟೆಗೆ ೧೮೦, ‘ಟಿ’ ಎಂದಿದ್ದರೆ ೧೯೦, ‘ಎಚ್’ ಎಂದಿದ್ದರೆ ೨೧೦ ಕಿಲೋಮೀಟರು ಅದರ ಮಿತಿ. ಎಂಜಿನನ್ನು ಬದಲಿಸಿದವರು ಈ ಅಕ್ಷರವನ್ನು ಓದದೆ ಹೊರಟರೆ ಆಗುವ ಅನಾಹುತವನ್ನು ಊಹಿಸಿಕೊಳ್ಳಬಹುದು.

ಇನ್ನು ಗಾಳಿಯು ಕಾರನ್ನು ಹಿಂದಕ್ಕೆ ತಳ್ಳುವುದು ಮಾತ್ರವಲ್ಲ, ಮೇಲಕ್ಕೂ ಎತ್ತುತ್ತದೆ. ಕೆಳಗೆ ಚಪ್ಪಟೆ, ಮೇಲೆ ಉಬ್ಬು ಇರುವ ಕಾರಿನ ಆಕಾರಕ್ಕೂ ವಿಮಾನದ ರೆಕ್ಕೆಗೂ ಒಂದಿಷ್ಟು ಹೋಲಿಕೆ ಉಂಟಷ್ಟೆ. ಸಾಮಾನ್ಯ ವೇಗಗಳಲ್ಲಿ ಈ ಎತ್ತುವ ಬಲ ಲೆಕ್ಕಕ್ಕೆ ಬಾರದು. ೪೦೦ ಕಿಲೋಮೀಟರು ವೇಗದಲ್ಲಾದರೋ ಅದು ೪೦೦ ಕಿಲೋಗ್ರಾಂ ತೂಕವನ್ನು ಮುಟ್ಟಬಹುದು. ೧೧೦೦ ಕಿಲೋಗ್ರಾಮಿನ ಕಾರಿನ ಭಾರದಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಪಾಲು ಹೀಗೆ ಇಲ್ಲವಾದರೆ ಟೈರುಗಳ ಹಿಡಿತ ಸಡಿಲುತ್ತದೆ. ಪಕ್ಕದಿಂದ ಒಂದು ಬೀಸುಗಾಳಿ ಬಂದರೂ ಸಾಕು, ಕಾರು ಚಾಲಕನ ಕೈಮೀರುತ್ತದೆ. ಪುಷ್ಪಕಕ್ಕೆ ಈ ಎತ್ತುವ ಬಲವೇ ಆಸರೆ. ಅದರ ಗಿಡ್ಡ ರೆಕ್ಕೆಗಳು ವಾಹನವನ್ನು ಹೊರಬೇಕಾದರೆ ಅಷ್ಟು ವೇಗ ಇರಲೇಬೇಕು. ಕಾರಿಗಾದರೋ ಅದೇ ಬಲ ಕಂಟಕ. ಓಟದ ಕಾರುಗಳ ಹಿಂದೆ ಇರುವ ತಲೆಕೆಳಗಾದ ರೆಕ್ಕೆಯ ಕೆಲಸವೆಂದರೆ ಕಾರನ್ನು ನೆಲಕ್ಕೆ ಒತ್ತುವುದು. ಅದಕ್ಕೂ ಬೆಲೆಯುಂಟು: ಗಾಳಿಯ ತಡೆ ಇನ್ನಷ್ಟು ಹೆಚ್ಚುತ್ತದೆ.

ನಿಲ್ಲಿಸುವುದು ಹೇಗೆ?

ಎಲ್ಲಕ್ಕಿಂತಲೂ ಮುಖ್ಯವಾದುದು ಈ ಪ್ರಶ್ನೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಹಿಡಿದರೂ ಕಾರು ನಿಲ್ಲಲು ಬೇಕಾಗುವ ದೂರವು ವೇಗದ ವರ್ಗಕ್ಕೆ ಅನುಗುಣ. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡನ್ನೂ ಸೇರಿಸಿದರೆ, ೧೦೦ ಕಿಲೋಮೀಟರು ವೇಗದಲ್ಲಿ ಸುಮಾರು ೮೪ ಮೀಟರು ಬೇಕು; ೨೦೦ರಲ್ಲಿ ೨೮೦; ೩೦೦ರಲ್ಲಿ ೫೯೦; ೪೦೦ರಲ್ಲಿ ಒಂದು ಕಿಲೋಮೀಟರು. ೩೦೦ರಿಂದ ನಿಲ್ಲಿಸುವಾಗ ಕಾರಿನಿಂದ ತೆಗೆಯಬೇಕಾದ ಶಕ್ತಿಯು ಹದಿಮೂರು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅದೆಲ್ಲವನ್ನೂ ಹನ್ನೆರಡು ಸೆಕೆಂಡುಗಳಲ್ಲಿ ತೆಗೆಯಬೇಕು. ಬ್ರೇಕು ಹಿಡಿದ ಮೊದಲ ಕ್ಷಣದಲ್ಲಿ ಕಾರು ಕಳೆದುಕೊಳ್ಳುವ ಶಕ್ತಿಯ ದರ ಸುಮಾರು ೮೪೦ ಅಶ್ವಶಕ್ತಿ. ಆ ವೇಗದಲ್ಲಿ ಓಡಿಸಲು ೩೭೦ ಸಾಕಾಗಿತ್ತು! ಎಂಜಿನನ್ನು ಬದಲಾಯಿಸಿ ಬ್ರೇಕನ್ನು ಹಾಗೆಯೇ ಉಳಿಸಿಕೊಂಡ ಕಾರು ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪುಷ್ಪಕವನ್ನು ನಿಲ್ಲಿಸಿದ ಬಗೆಯನ್ನು ಈಗ ನೋಡೋಣ. ನೆಲವನ್ನು ಮುಟ್ಟಿದ ಕೂಡಲೆ ಅದರ ಬೆನ್ನಿನಿಂದ ಒಂದು ಪ್ಯಾರಾಚೂಟು ಬಿಚ್ಚಿಕೊಂಡಿತು. ವೇಗವು ಸುಮಾರು ೧೦೦ ಕಿಲೋಮೀಟರಿಗೆ ಇಳಿದ ಮೇಲೆಯೇ ಗಾಲಿಯ ಬ್ರೇಕುಗಳು ಕೆಲಸಕ್ಕೆ ತೊಡಗಿದವು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ೩೨೦ರಿಂದ ೧೦೦ಕ್ಕೆ ಇಳಿಯುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಹೋಗಿರುತ್ತದೆ. ಬ್ರೇಕುಗಳಿಗೆ ಉಳಿದದ್ದು ಒಂದು ಪಾಲು. ಗಾಳಿಯ ಸುಂಕವನ್ನು ವಿಜ್ಞಾನಿಗಳು ಇಲ್ಲಿ ತಮ್ಮ ಲಾಭಕ್ಕೆ ತಿರುಗಿಸಿಕೊಂಡರು. ಬೇಲಿ ಹಾಕಿದ ಬಯಲು, ನೇರವಾದ ಓಡುಹಾದಿ, ಮೊದಲೇ ಮಾಡಿಟ್ಟ ಲೆಕ್ಕ ಇವೆಲ್ಲ ಇದ್ದುದರಿಂದ ಅದು ಸಾಧ್ಯವಾಯಿತು. ನಮ್ಮ ದೇಶದಲ್ಲಿ ಕಾರುಗಳ ವೇಗವನ್ನು ಪರೀಕ್ಷಿಸಲೂ ಇಂಥ ಪ್ರತ್ಯೇಕ ಸ್ಥಳ ಉಂಟು. ಇಂದೂರಿನ ಬಳಿಯ ಪೀತಾಂಪುರದಲ್ಲಿ ೨೦೨೧ರಲ್ಲಿ ತೆರೆದ ೧೧.೩ ಕಿಲೋಮೀಟರು ಉದ್ದದ ಸುತ್ತುಹಾದಿಯೇ ಅದು.

ಚಳ್ಳಕೆರೆ–ಮೊಳಕಾಲ್ಮುರು ರಸ್ತೆಯಾದರೋ ಜನರ ರಸ್ತೆ. ಕುರಿಯ ಮಂದೆ ಅದನ್ನು ದಾಟುತ್ತದೆ. ಮ್ಯಾಸನಾಯಕರ ಹಟ್ಟಿಗಳ ದೇವರ ಎತ್ತುಗಳು ದಾಟುತ್ತವೆ. ಕಡಲೆಕಾಯಿ ತುಂಬಿದ ಟ್ರಾಕ್ಟರು ಹೊಲದಿಂದ ಏರಿ ಬರುತ್ತದೆ. ಮಕ್ಕಳು ಶಾಲೆಗೆ ನಡೆಯುತ್ತಾರೆ. ಇರುಳಲ್ಲಿ ಕಾರಿನ ದೀಪ ನೂರಿನ್ನೂರು ಮೀಟರು ದೂರವನ್ನು ಬೆಳಗಿದರೆ ಹೆಚ್ಚು. ನಿಲ್ಲಲು ಅದಕ್ಕಿಂತ ಹೆಚ್ಚು ದೂರ ಬೇಕಾದ ವೇಗದಲ್ಲಿ ಹೋಗುವವನು ಕಣ್ಣು ಕಟ್ಟಿಕೊಂಡು ಹೋಗುವವನಿಗೆ ಸಮಾನ. ವಾಹನವನ್ನು ಕಾರ್ಖಾನೆಯವರು ಮಾಡಿದ ರೀತಿಯಿಂದ ಮನಬಂದಂತೆ ಬದಲಾಯಿಸುವುದನ್ನು ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಕಲಮು ನಿಷೇಧಿಸಿರುವುದರ ಹಿಂದೆ ಈ ಭೌತವಿಜ್ಞಾನವೇ ಇದೆ.

ಇಷ್ಟು ವೆಚ್ಚಕ್ಕೂ ಅಪಾಯಕ್ಕೂ ಬದಲಾಗಿ ಪಡೆಯುವುದೇನು? ಈ ೫೦ ಕಿಲೋಮೀಟರು ದಾರಿಯನ್ನು ಗಂಟೆಗೆ ೫೦ರ ವೇಗದಲ್ಲಿ ಹೋದರೆ ಒಂದು ಗಂಟೆ, ೧೦೦ರಲ್ಲಿ ಅರ್ಧ ಗಂಟೆ. ೨೦೦ಕ್ಕೆ ಏರಿದರೆ ಉಳಿಯುವುದು ೧೫ ನಿಮಿಷ. ಅದಕ್ಕೆ ಆರು ಪಟ್ಟು ಅಶ್ವಶಕ್ತಿ. ೨೦೦ರಿಂದ ೩೦೦ಕ್ಕೆ ಏರಿದರೆ ಉಳಿಯುವುದು ಮತ್ತೆ ೫ ನಿಮಿಷ. ಅದಕ್ಕೆ ಮೂರು ಪಟ್ಟಿಗೂ ಹೆಚ್ಚು. ೩೦೦ರಿಂದ ೪೦೦ಕ್ಕೆ ಏರಿದರೆ ಎರಡೂವರೆ ನಿಮಿಷ ಮಾತ್ರ. ಅದಕ್ಕಾಗಿ ಸುಮಾರು ೫೦೦ ಅಶ್ವಶಕ್ತಿ, ಬೇರೆ ಟೈರು, ಬೇರೆ ಬ್ರೇಕು, ಬೇರೆ ರಸ್ತೆ. ಸುಂಕ ಏರುತ್ತಾ ಹೋಗುತ್ತದೆ, ಉಳಿತಾಯ ಇಳಿಯುತ್ತಾ ಬರುತ್ತದೆ. ವಿದ್ಯಾರ್ಥಿಗಳು ತಮಗೆ ಪರಿಚಿತವಾದ ಯಾವುದಾದರೂ ವಾಹನದ ತೂಕ, ಅಗಲ, ಎತ್ತರ ಮತ್ತು ಅಶ್ವಶಕ್ತಿಗಳನ್ನು ಗುರುತು ಹಾಕಿಕೊಂಡು, ಮೇಲೆ ಹೇಳಿದ ರೀತಿಯಲ್ಲಿ ಅದರ ಪರಮ ವೇಗವನ್ನೂ ನಿಲ್ಲುವ ದೂರವನ್ನೂ ತಾವೇ ಲೆಕ್ಕ ಹಾಕಿ ನೋಡಬಹುದು. ಮೊದಲನೆಯ ಉತ್ತರವು ಎಂಜಿನು ಏನು ಮಾಡಬಲ್ಲುದೆಂಬುದನ್ನು ತಿಳಿಸುತ್ತದೆ. ಎರಡನೆಯದು ಅದನ್ನು ನಡೆಸುವವನು ಎಷ್ಟರಮಟ್ಟಿಗೆ ಹೋಗಬಹುದೆಂಬುದನ್ನು ತಿಳಿಸುತ್ತದೆ.